ಕಠಿಣ ಪರಿಸರಕ್ಕೆ ಆಘಾತ ತರಂಗ ಚಿಕಿತ್ಸಾ ಯಂತ್ರ: ಸಣ್ಣ ಕೈಗಾರಿಕೆಗಳ ಮುಂದಿರುವ ಅವಕಾಶ ಮತ್ತು ಎಚ್ಚರ

ವೈದ್ಯಕೀಯ ಯಂತ್ರಗಳೊಡನೆ ಬರುವ ಕೈಪಿಡಿಯ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದ ಕೋಷ್ಟಕವೊಂದಿರುತ್ತದೆ. ಯಂತ್ರವು ಯಾವ ಉಷ್ಣಾಂಶದಲ್ಲಿ, ಎಷ್ಟು ತೇವಾಂಶದಲ್ಲಿ, ಎಷ್ಟು ವಾಯುಒತ್ತಡದಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ ಎಂಬುದು ಅಲ್ಲಿ ನಮೂದಾಗಿರುತ್ತದೆ. ಕೊಳ್ಳುವವರು ಅದನ್ನು ಓದುವುದು ಕಡಿಮೆ. ಮಾರುವವರು ಓದಿ ಹೇಳುವುದು ಇನ್ನೂ ಕಡಿಮೆ. ವೈದ್ಯಕೀಯ ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಮಾನಕವಾದ ಐಇಸಿ 60601-1ರ 1988ರ ಆವೃತ್ತಿಯು 10ರಿಂದ 40 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ಶೇ. 30ರಿಂದ 75ರಷ್ಟು ಸಾಪೇಕ್ಷ ಆರ್ದ್ರತೆ, 700ರಿಂದ 1060 ಹೆಕ್ಟೋಪಾಸ್ಕಲ್ ವಾಯುಒತ್ತಡ ಎಂಬ ಮಿತಿಗಳನ್ನು ಇಟ್ಟಿತ್ತು. ಮುಂದಿನ ಆವೃತ್ತಿಯು ಮಿತಿಯನ್ನು ಘೋಷಿಸುವ ಹೊಣೆಯನ್ನು ತಯಾರಕರಿಗೇ ಬಿಟ್ಟಿತಾದರೂ, ಹಲವು ಯಂತ್ರಗಳು ಇಂದಿಗೂ ಹೆಚ್ಚುಕಡಿಮೆ ಅದೇ ಚೌಕಟ್ಟಿನಲ್ಲಿ ತಯಾರಾಗುತ್ತಿವೆ.

ಕಲಬುರಗಿ, ರಾಯಚೂರುಗಳ ಬೇಸಿಗೆ 40 ಡಿಗ್ರಿಯನ್ನು ದಾಟುತ್ತದೆ. ಕರಾವಳಿಯ ಮಳೆಗಾಲದ ತೇವಾಂಶ ಶೇ. 75ರ ಗೆರೆಯನ್ನು ಮೀರಿಯೇ ಇರುತ್ತದೆ. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲೇಹ್‌ನಲ್ಲಿ ವಾಯುಒತ್ತಡ 660 ಹೆಕ್ಟೋಪಾಸ್ಕಲ್‌ನ ಆಸುಪಾಸಿನಲ್ಲಿದೆ. ಎಂದರೆ, ಹವಾನಿಯಂತ್ರಿತ ಕೊಠಡಿಗಾಗಿ ರೂಪಿಸಿದ ಯಂತ್ರವೊಂದು ನಮ್ಮ ದೇಶದ ಬಹುಭಾಗದಲ್ಲಿ ವರ್ಷದ ಕೆಲವು ತಿಂಗಳಾದರೂ ತನ್ನ ಮಿತಿಯ ಹೊರಗೆ ದುಡಿಯುತ್ತದೆ. ಆಘಾತ ತರಂಗ ಚಿಕಿತ್ಸಾ ಯಂತ್ರಗಳ ವಿಷಯದಲ್ಲಿ ಈ ಅಂತರ ವಿಶೇಷವಾಗಿ ಗಮನಾರ್ಹ. ಅಧಿಕ ವೋಲ್ಟೇಜು, ನೀರು, ಸಂಕುಚಿತ ಗಾಳಿ, ವೇಗದ ಚಲನೆ ಇವುಗಳಲ್ಲಿ ಎರಡು ಮೂರಾದರೂ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರವಿದು. ಈ ಅಂತರವನ್ನು ತುಂಬುವ ಕೆಲಸದಲ್ಲಿ ಸಣ್ಣ ತಯಾರಕರಿಗೂ ವ್ಯಾಪಾರಿಗಳಿಗೂ ಪಾಲಿದೆ. ಆದರೆ ರೋಗಿಯ ದೇಹಕ್ಕೆ ತಾಗುವ ಯಂತ್ರವಾದುದರಿಂದ ಅವಸರಕ್ಕೆ ಎಡೆಯಿಲ್ಲ.

ವಿಮಾನದಿಂದ ಆಸ್ಪತ್ರೆಗೆ

ಆಘಾತ ತರಂಗವೆಂದರೆ ಕ್ಷಣಾರ್ಧಕ್ಕಿಂತಲೂ ಎಷ್ಟೋ ಕಡಿಮೆ ಅವಧಿಯಲ್ಲಿ ಏರಿ ಇಳಿಯುವ ಒತ್ತಡದ ಅಲೆ. ಶಬ್ದಾತೀತ ವೇಗದ ವಿಮಾನಗಳಿಗೆ ಮಳೆಹನಿ ಬಡಿದಾಗ ಲೋಹದಲ್ಲಿ ಗುಳಿ ಬೀಳುವುದೇಕೆಂದು ಜರ್ಮನಿಯ ಡೋರ್ನಿಯರ್ ವಿಮಾನ ಸಂಸ್ಥೆ ನಡೆಸಿದ ಸಂಶೋಧನೆ ಮುಂದೆ ವೈದ್ಯಕೀಯಕ್ಕೆ ತಿರುಗಿತು. 1980ರ ಫೆಬ್ರವರಿ 7ರಂದು ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಶೌಸಿ ಮತ್ತು ಸಂಗಡಿಗರು ಮೂತ್ರಪಿಂಡದ ಕಲ್ಲನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಒಡೆಯಲು ಮೊದಲ ಬಾರಿಗೆ ಈ ತರಂಗಗಳನ್ನು ರೋಗಿಯೊಬ್ಬರ ಮೇಲೆ ಪ್ರಯೋಗಿಸಿದರು. ಆಗ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಕುಳ್ಳಿರಿಸಬೇಕಾಗಿತ್ತು. ಬಳಿಕ ಬಂದ ಯಂತ್ರಗಳಲ್ಲಿ ತೊಟ್ಟಿ ಮಾಯವಾಗಿ ನೀರು ತುಂಬಿದ ಮೆತ್ತೆ ಅದರ ಸ್ಥಾನಕ್ಕೆ ಬಂತು.

ಮೂಳೆ, ಸ್ನಾಯುರಜ್ಜುಗಳ ನೋವಿಗೂ ಈ ಚಿಕಿತ್ಸೆ ಹರಡಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2000ದ ಅಕ್ಟೋಬರ್‌ನಲ್ಲಿ ದೀರ್ಘಕಾಲದ ಹಿಮ್ಮಡಿ ನೋವಿಗೆ, 2017ರ ಡಿಸೆಂಬರ್‌ನಲ್ಲಿ ಮಧುಮೇಹಿಗಳ ಪಾದದ ಹುಣ್ಣಿಗೆ ಇಂತಹ ಯಂತ್ರಗಳಿಗೆ ಅನುಮತಿ ನೀಡಿತು. ಕುದುರೆಗಳ ಕಾಲಿನ ಸ್ನಾಯುರಜ್ಜು ಗಾಯಗಳಿಗೂ ಪಶುವೈದ್ಯರು ಇದನ್ನು ಬಳಸುತ್ತಾರೆ. ಲಾಯದ ಧೂಳು, ಹುಲ್ಲು, ತೊಳೆಯುವ ನೀರು ಇವುಗಳ ನಡುವೆ ದುಡಿಯುವ ಆ ಯಂತ್ರಗಳೇ ಒಂದರ್ಥದಲ್ಲಿ ಕಠಿಣ ಪರಿಸರದ ಮೊದಲ ಪರೀಕ್ಷೆಗೆ ಒಳಗಾದವು.

ಯಂತ್ರಗಳ ಬಗೆಗಳು

ಮಾರುಕಟ್ಟೆಯಲ್ಲಿರುವ ಯಂತ್ರಗಳನ್ನು ಎರಡು ಗುಂಪಾಗಿ ನೋಡಬಹುದು. ಮೊದಲನೆಯದು ತರಂಗವನ್ನು ದೇಹದೊಳಗಿನ ಒಂದು ಬಿಂದುವಿನಲ್ಲಿ ಕೇಂದ್ರೀಕರಿಸುವ ಬಗೆ. ಇದರಲ್ಲಿ ಮೂರು ವಿಧಾನಗಳಿವೆ. ನೀರಿನೊಳಗೆ ಎರಡು ಇಲೆಕ್ಟ್ರೋಡುಗಳ ನಡುವೆ ಕಿಡಿ ಹಾರಿಸುವುದು ಒಂದು. ಸುರುಳಿಯಲ್ಲಿ ವಿದ್ಯುತ್ ಹರಿಸಿ ಲೋಹದ ತೆಳುಪೊರೆಯನ್ನು ಜಾಡಿಸುವುದು ಇನ್ನೊಂದು. ಪೀಜೋ ಸಿರಾಮಿಕ್ ಬಿಲ್ಲೆಗಳನ್ನು ಒಟ್ಟಿಗೆ ಕಂಪಿಸುವುದು ಮೂರನೆಯದು. ಮೂರಕ್ಕೂ ಕಿಲೋವೋಲ್ಟುಗಳ ಲೆಕ್ಕದ ಅಧಿಕ ವೋಲ್ಟೇಜು ಬೇಕು. 40 ನ್ಯಾನೋಫ್ಯಾರಡ್‌ನ ಕೆಪಾಸಿಟರ್ ಒಂದನ್ನು 20 ಕಿಲೋವೋಲ್ಟ್‌ಗೆ ತುಂಬಿಸಿದರೆ ಅದರಲ್ಲಿರುವ ಶಕ್ತಿ 8 ಜೂಲ್ ಮಾತ್ರ. ಆದರೆ ಆ ಶಕ್ತಿ ಕಣ್ಣು ಮಿಟುಕಿಸುವುದರೊಳಗೆ ಬಿಡುಗಡೆಯಾಗುವುದರಿಂದ ಕೇಂದ್ರಬಿಂದುವಿನಲ್ಲಿ ಹತ್ತಾರು ಮೆಗಾಪಾಸ್ಕಲ್ ಒತ್ತಡ ಹುಟ್ಟುತ್ತದೆ.

ಎರಡನೆಯದು ರೇಡಿಯಲ್ ಬಗೆ. ಇಲ್ಲಿ ಸಂಕುಚಿತ ಗಾಳಿಯು ಹ್ಯಾಂಡ್‌ಪೀಸ್‌ನೊಳಗಿನ ನಳಿಕೆಯಲ್ಲಿ ಲೋಹದ ಚಿಕ್ಕ ಗುಂಡನ್ನು ಚಿಮ್ಮಿಸುತ್ತದೆ. ಗುಂಡು ತುದಿಯ ಅಪ್ಲಿಕೇಟರ್‌ಗೆ ಬಡಿದಾಗ ಹುಟ್ಟುವ ಒತ್ತಡದ ಅಲೆ ಚರ್ಮದಿಂದ ಒಳಕ್ಕೆ ಹರಡುತ್ತದೆ. ಇದರ ಒತ್ತಡ ಕಡಿಮೆ, ಏರುವ ವೇಗವೂ ಕಡಿಮೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ಆಘಾತ ತರಂಗವಲ್ಲ, ಒತ್ತಡದ ಅಲೆ. ಮೂತ್ರಪಿಂಡದ ಕಲ್ಲನ್ನು ಇದರಿಂದ ಒಡೆಯಲಾಗದು. ಆದರೆ ಹಿಮ್ಮಡಿ, ಮೊಣಕೈ, ಭುಜಗಳ ನೋವಿಗೆ ಫಿಸಿಯೋಥೆರಪಿ ಕೇಂದ್ರಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಬೆಲೆಯಲ್ಲೂ ರಚನೆಯಲ್ಲೂ ಸಣ್ಣ ಕಾರ್ಖಾನೆಗಳ ಕೈಗೆ ಎಟಕುವುದು ಈ ಬಗೆಯೇ.

ದೂರದ ಸ್ಥಳಕ್ಕೆ ಇಂತಹ ಯಂತ್ರ ಏಕೆ ಬೇಕೆಂಬ ಪ್ರಶ್ನೆ ಸಹಜ. ಇದು ಪ್ರಾಣ ಉಳಿಸುವ ತುರ್ತು ಯಂತ್ರವಲ್ಲ. ಆದರೆ ಈ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಮೂರರಿಂದ ಐದು ಬಾರಿ ಕೊಡಬೇಕು. ಭಾರ ಹೊತ್ತು ನಡೆಯುವ ಸೈನಿಕ, ಗಣಿಯ ಕಾರ್ಮಿಕ, ತೋಟದ ಕೂಲಿಯಾಳು ಇವರು ಪ್ರತಿ ವಾರವೂ ದೂರದ ನಗರಕ್ಕೆ ಹೋಗಿಬರುವುದೆಂದರೆ ಕೂಲಿಯೂ ಹೋಯಿತು, ಪ್ರಯಾಣದ ವೆಚ್ಚವೂ ಬಿತ್ತು. ಪರಿಣಾಮವಾಗಿ ಚಿಕಿತ್ಸೆ ಅರ್ಧಕ್ಕೇ ನಿಲ್ಲುತ್ತದೆ. ಯಂತ್ರವೇ ಅವರ ಬಳಿಗೆ ಹೋಗುವುದಾದರೆ ಲೆಕ್ಕ ಬದಲಾಗುತ್ತದೆ.

ಎತ್ತರದ ಸಮಸ್ಯೆ

ಗಾಳಿ ತೆಳುವಾದಂತೆ ವಿದ್ಯುತ್ ಕಿಡಿ ಸುಲಭವಾಗಿ ಹಾರುತ್ತದೆ. ಆದ್ದರಿಂದ ಅಧಿಕ ವೋಲ್ಟೇಜಿನ ಭಾಗಗಳ ನಡುವೆ ಬಿಡಬೇಕಾದ ಗಾಳಿಯ ಅಂತರವನ್ನು ಎತ್ತರಕ್ಕೆ ತಕ್ಕಂತೆ ಹೆಚ್ಚಿಸಬೇಕು. ಐಇಸಿ 60664-1 ಮಾನಕದ ಪ್ರಕಾರ 2,000 ಮೀಟರ್‌ವರೆಗಿನ ಅಂತರವನ್ನು 3,000 ಮೀಟರ್‌ನಲ್ಲಿ 1.14ರಿಂದ, 4,000 ಮೀಟರ್‌ನಲ್ಲಿ 1.29ರಿಂದ, 5,000 ಮೀಟರ್‌ನಲ್ಲಿ 1.48ರಿಂದ ಗುಣಿಸಬೇಕು. ಬಯಲಿನಲ್ಲಿ 10 ಮಿಲಿಮೀಟರ್ ಸಾಕಾಗುವಲ್ಲಿ 5,000 ಮೀಟರ್ ಎತ್ತರದಲ್ಲಿ ಸುಮಾರು 15 ಮಿಲಿಮೀಟರ್ ಬೇಕು. ಪೆಟ್ಟಿಗೆಯನ್ನು ದೊಡ್ಡದು ಮಾಡಲಾಗದಿದ್ದರೆ ಅಧಿಕ ವೋಲ್ಟೇಜಿನ ಭಾಗವನ್ನು ಸಿಲಿಕೋನ್ ಅಥವಾ ಎಪಾಕ್ಸಿ ರಾಳದಲ್ಲಿ ಪೂರ್ತಿ ಹುದುಗಿಸುವುದು ಇನ್ನೊಂದು ದಾರಿ. ರಾಳ ಎರೆಯುವಾಗ ಒಳಗೆ ಗಾಳಿಗುಳ್ಳೆ ಉಳಿದರೆ ಅಲ್ಲಿಂದಲೇ ನಿರೋಧಕ ಕ್ರಮೇಣ ಸುಟ್ಟುಹೋಗುತ್ತದೆ. ನಿರ್ವಾತದಲ್ಲಿ ಎರೆಯುವ ಸೌಲಭ್ಯವಿಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದು ಲೇಸು.

ರೇಡಿಯಲ್ ಯಂತ್ರದಲ್ಲಿ ಪೆಟ್ಟು ಬೀಳುವುದು ಕಂಪ್ರೆಸರ್‌ಗೆ. ಸಮುದ್ರಮಟ್ಟದಲ್ಲಿ 4 ಬಾರ್ ಒತ್ತಡ ಕೊಡಲು ಕಂಪ್ರೆಸರ್ ಗಾಳಿಯನ್ನು ಸುಮಾರು 5 ಪಟ್ಟು ಒತ್ತಬೇಕು. ಲೇಹ್‌ನ ಎತ್ತರದಲ್ಲಿ ಅದೇ 4 ಬಾರ್‌ಗೆ ಸುಮಾರು 7 ಪಟ್ಟು ಒತ್ತಬೇಕಾಗುತ್ತದೆ. ಪ್ರತಿ ಸುತ್ತಿನಲ್ಲಿ ಒಳಗೆ ಬರುವ ಗಾಳಿಯ ತೂಕವೂ ಮೂರನೆಯ ಒಂದು ಭಾಗದಷ್ಟು ಕಡಿಮೆ. ಬಿಸಿ ಹೆಚ್ಚುತ್ತದೆ, ತಂಪು ಮಾಡುವ ಗಾಳಿಯೂ ತೆಳುವಾಗಿರುತ್ತದೆ. ಸಾಮಾನ್ಯ ವಿದ್ಯುತ್ ಮೋಟಾರುಗಳ ಮಾನಕ ಐಇಸಿ 60034-1 ಕೂಡ 1,000 ಮೀಟರ್‌ವರೆಗಿನ ಎತ್ತರವನ್ನೇ ಆಧಾರವಾಗಿಟ್ಟುಕೊಂಡಿದೆ. ಇದರ ಫಲ ವಿಚಿತ್ರವಾದುದು. ಸೆಕೆಂಡಿಗೆ ನಾಲ್ಕೈದು ಹೊಡೆತಗಳಿರುವಾಗ ಯಂತ್ರ ಸರಿಯಾಗಿಯೇ ನಡೆಯುತ್ತದೆ. ಹದಿನೈದಕ್ಕೆ ಏರಿಸಿದೊಡನೆ ಟ್ಯಾಂಕ್ ತುಂಬಲು ಸಮಯ ಸಾಲದೆ ಪ್ರತಿ ಹೊಡೆತದ ಬಲ ಕುಗ್ಗುತ್ತದೆ. ದೊಡ್ಡ ಕಂಪ್ರೆಸರ್ ಬಳಸುವುದು, ಟ್ಯಾಂಕಿನ ಗಾತ್ರ ಹೆಚ್ಚಿಸುವುದು ಅಥವಾ ಎತ್ತರದ ಸ್ಥಳಕ್ಕೆ ಹೊಡೆತಗಳ ವೇಗಕ್ಕೆ ಮಿತಿ ಹಾಕುವುದು ಇದಕ್ಕೆ ಪರಿಹಾರ. ಕಂಪ್ರೆಸರ್ ಇಲ್ಲದೆ ವಿದ್ಯುತ್ಕಾಂತದಿಂದಲೇ ಗುಂಡನ್ನು ಚಿಮ್ಮಿಸುವ ಯಂತ್ರಗಳೂ ಇವೆ. ಎತ್ತರದ ಸ್ಥಳಗಳಿಗೆ ಅವು ಹೆಚ್ಚು ಹೊಂದುತ್ತವೆ.

ಚಳಿ, ನೀರು, ಗುಳ್ಳೆ

ನೀರಿನ ಮೆತ್ತೆಯಿರುವ ಯಂತ್ರಕ್ಕೆ ಚಳಿ ದೊಡ್ಡ ಶತ್ರು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಮೆತ್ತೆಯ ಪೊರೆಯೂ ಕೊಳವೆಯ ಜೋಡಣೆಗಳೂ ಬಿರಿಯುತ್ತವೆ. ಸಾಗಣೆಯಲ್ಲಿ ನೀರನ್ನು ಪೂರ್ತಿ ಬಸಿದಿಡುವ ವ್ಯವಸ್ಥೆ ಇರಲೇಬೇಕು. ಬಯಲಿನಲ್ಲಿ ತುಂಬಿಸಿದ ನೀರನ್ನು ಎತ್ತರಕ್ಕೆ ಒಯ್ದರೆ ಒತ್ತಡ ಇಳಿದು ಅದರಲ್ಲಿ ಕರಗಿದ ಗಾಳಿ ಗುಳ್ಳೆಗಳಾಗಿ ಹೊರಬರುತ್ತದೆ. ಗಾಳಿಗೆ ತಾಗಿದ ತರಂಗ ಬಹುಪಾಲು ಹಿಂದಕ್ಕೆ ಪ್ರತಿಫಲಿಸುವುದರಿಂದ ಈ ಗುಳ್ಳೆಗಳು ಚಿಕಿತ್ಸೆಯನ್ನೇ ತಡೆಯುತ್ತವೆ. ಮೆತ್ತೆಗೂ ಚರ್ಮಕ್ಕೂ ನಡುವಿನ ಜೆಲ್‌ನಲ್ಲಿ ಸಿಕ್ಕಿದ ಗಾಳಿಯೂ ಹಾಗೆಯೇ. ಪ್ರಯೋಗಶಾಲೆಯಲ್ಲಿ ನಡೆಸಿದ ಪರೀಕ್ಷೆಯೊಂದರಲ್ಲಿ ಸಂಪರ್ಕದ ಜಾಗದ ಶೇ. 2ರಷ್ಟನ್ನು ಗಾಳಿ ಆವರಿಸಿದ್ದಾಗಲೇ ಕಲ್ಲು ಒಡೆಯುವಿಕೆ ಶೇ. 20ರಿಂದ 40ರಷ್ಟು ಕುಗ್ಗಿದ್ದು ಕಂಡುಬಂದಿದೆ. ಆದುದರಿಂದ ಸ್ಥಳದಲ್ಲೇ ನೀರಿನ ಗಾಳಿ ತೆಗೆಯುವ ಚಿಕ್ಕ ನಿರ್ವಾತ ಪಂಪು, ಗುಳ್ಳೆಗಳನ್ನು ಹಿಡಿದಿಡುವ ಬಲೆ ಇವು ಅಲಂಕಾರಗಳಲ್ಲ, ಅಗತ್ಯಗಳು.

ಚಳಿಯಲ್ಲಿ ಗ್ರೀಸ್ ಗಟ್ಟಿಯಾಗುತ್ತದೆ, ರಬ್ಬರ್ ಸೀಲುಗಳು ಬಿಗಿತ ಕಳೆದುಕೊಳ್ಳುತ್ತವೆ. ಸಿಲಿಕೋನ್ ರಬ್ಬರ್ ಚಳಿಯನ್ನು ಚೆನ್ನಾಗಿ ತಡೆದುಕೊಂಡರೂ ಉಜ್ಜುವಿಕೆಯನ್ನು ತಡೆಯದು; ಬಾಗಿಲಿನ ಅಂಚಿಗೆ ಅದು ಸರಿ, ಚಲಿಸುವ ಪಿಸ್ಟನ್‌ಗೆ ಅಲ್ಲ. ಅಲ್ಲಿಗೆ ಚಳಿ ತಡೆಯುವ ನೈಟ್ರೈಲ್ ಅಥವಾ ಪಿಟಿಎಫ್‌ಇ ಆಧಾರಿತ ಸೀಲು ಬೇಕು. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಕೂಡಿಕೊಂಡು ಅಪಾಯವಾಗುವುದರಿಂದ, ಬ್ಯಾಟರಿಯನ್ನು ಮೊದಲು ಬೆಚ್ಚಗೆ ಮಾಡುವ ಸರ್ಕ್ಯೂಟ್ ಅವಶ್ಯ. ಹೊರಗಿನ ಕೊರೆಯುವ ಚಳಿಯಿಂದ ಬಿಸಿ ಡೇರೆಗೆ ತಂದ ಯಂತ್ರದ ಒಳಗೆಲ್ಲ ಇಬ್ಬನಿ ಕೂರುತ್ತದೆ. ಪೆಟ್ಟಿಗೆಯನ್ನು ಮುಚ್ಚಿಟ್ಟೇ ಕೋಣೆಯ ಉಷ್ಣಾಂಶಕ್ಕೆ ಬರಗೊಟ್ಟು ಆಮೇಲೆ ಚಾಲನೆ ಮಾಡಬೇಕೆಂಬ ಸೂಚನೆ ಕೈಪಿಡಿಯಲ್ಲಿ ಮಾತ್ರವಲ್ಲ, ಪೆಟ್ಟಿಗೆಯ ಮೇಲೆಯೇ ಇರಬೇಕು.

ಬಿಸಿಲು, ಧೂಳು, ಉಪ್ಪು

ಧೂಳು ತಡೆಯಲು ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಿದರೆ ಬಿಸಿ ಹೊರಹೋಗದು. ಬಿಸಿ ಹೊರಹೋಗಲು ಫ್ಯಾನ್ ಇಟ್ಟರೆ ಧೂಳು ಒಳಬರುತ್ತದೆ. ಈ ಇಕ್ಕಟ್ಟಿಗೆ ಇರುವ ಉತ್ತಮ ಪರಿಹಾರ ಪೆಟ್ಟಿಗೆಯನ್ನು ಎರಡು ಕೋಣೆಗಳಾಗಿ ಬೇರ್ಪಡಿಸುವುದು. ಇಲೆಕ್ಟ್ರಾನಿಕ್ ಭಾಗಗಳು ಐಪಿ 65 ಮಟ್ಟದಲ್ಲಿ ಮುಚ್ಚಿದ ಕೋಣೆಯಲ್ಲಿರುತ್ತವೆ. ಅವುಗಳ ಬಿಸಿ ಅಲ್ಯೂಮಿನಿಯಂ ಗೋಡೆಯ ರೆಕ್ಕೆಗಳ ಮೂಲಕ ಹೊರಹೋಗುತ್ತದೆ. ಉಸಿರಾಡಲೇಬೇಕಾದ ಕಂಪ್ರೆಸರ್ ಮಾತ್ರ ಬದಲಾಯಿಸಬಲ್ಲ ಫಿಲ್ಟರ್ ಇರುವ ಇನ್ನೊಂದು ಕೋಣೆಯಲ್ಲಿ ಇರುತ್ತದೆ. ಹ್ಯಾಂಡ್‌ಪೀಸ್‌ನ ನಳಿಕೆಗೆ ನುಣ್ಣನೆಯ ಧೂಳು ಸೇರಿದರೆ ಅದು ಅರಗೋಲಿನಂತೆ ಗೋಡೆಯನ್ನು ತೇಯುತ್ತದೆ.

ಬಿಸಿಯ ಪರಿಣಾಮ ನಿಧಾನವಾದುದು. ಇಲೆಕ್ಟ್ರೋಲೈಟಿಕ್ ಕೆಪಾಸಿಟರ್‌ನ ಸುತ್ತಲ ಉಷ್ಣಾಂಶ 10 ಡಿಗ್ರಿ ಏರಿದರೆ ಅದರ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಇಲೆಕ್ಟ್ರಾನಿಕ್ಸ್ ಉದ್ಯಮದಲ್ಲಿ ಎಲ್ಲರೂ ಬಲ್ಲ ಲೆಕ್ಕ. ಕರಾವಳಿಯಲ್ಲಿ ಉಪ್ಪಿನ ತೇವ ಸರ್ಕ್ಯೂಟ್ ಹಲಗೆಯ ಮೇಲೆ ತೆಳುಪದರವಾಗಿ ಕೂತು ಅಧಿಕ ವೋಲ್ಟೇಜಿಗೆ ಹರಿದಾಡುವ ದಾರಿ ಮಾಡಿಕೊಡುತ್ತದೆ. ಹಲಗೆಗೆ ರಕ್ಷಣಾ ಲೇಪ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳು, ಚಿನ್ನದ ಲೇಪವಿರುವ ಕನೆಕ್ಟರುಗಳು ಇಲ್ಲಿ ಖರ್ಚಿಗೆ ತಕ್ಕ ಫಲ ಕೊಡುತ್ತವೆ.

ವಿದ್ಯುತ್ತಿನ ಗುಣಮಟ್ಟವೂ ಪರಿಸರದ ಭಾಗವೇ. ಜನರೇಟರ್‌ನಿಂದ ಬರುವ ಏರಿಳಿತ, ಕಲ್ಲುನೆಲದಲ್ಲಿ ಸರಿಯಾಗಿ ಹಿಡಿಯದ ಅರ್ಥಿಂಗ್ ಇವು ರೋಗಿಯ ಸುರಕ್ಷತೆಗೇ ಸಂಬಂಧಿಸಿದವು. ಮನೆಯಲ್ಲಿ ಬಳಸುವ ವೈದ್ಯಕೀಯ ಉಪಕರಣಗಳ ಮಾನಕ ಐಇಸಿ 60601-1-11 ಅರ್ಥಿಂಗ್ ಅನ್ನು ನಂಬದೆ, ಇಮ್ಮಡಿ ನಿರೋಧಕ ಅಥವಾ ಒಳಗಿನ ಬ್ಯಾಟರಿಯನ್ನು ಅಪೇಕ್ಷಿಸುತ್ತದೆ. ಹಳ್ಳಿಯ ಶಿಬಿರಕ್ಕೆ ಹೋಗುವ ಯಂತ್ರಕ್ಕೂ ಅದೇ ನೀತಿ ಸೂಕ್ತ.

ಸದ್ದಿದೆ, ಫಲವಿಲ್ಲ

ಮೇಲೆ ಹೇಳಿದ ತೊಂದರೆಗಳಲ್ಲಿ ಕೆಲವು ಯಂತ್ರವನ್ನು ನಿಲ್ಲಿಸುತ್ತವೆ. ಅವು ಅಷ್ಟು ಅಪಾಯಕಾರಿಯಲ್ಲ. ನಿಂತ ಯಂತ್ರ ರಿಪೇರಿಗೆ ಹೋಗುತ್ತದೆ. ನಿಜವಾದ ಅಪಾಯ ನಿಲ್ಲದೆ ನಡೆಯುವ ದೋಷದಲ್ಲಿದೆ. ಸವೆದ ನಳಿಕೆ, ಗುಳ್ಳೆ ತುಂಬಿದ ಮೆತ್ತೆ, ದುರ್ಬಲವಾದ ಕೆಪಾಸಿಟರ್ ಇವಿದ್ದರೂ ಯಂತ್ರ ಟಕ್ ಟಕ್ ಎನ್ನುತ್ತಲೇ ಇರುತ್ತದೆ, ಪರದೆಯ ಮೇಲೆ ಅಂಕಿಗಳು ಏರುತ್ತಲೇ ಇರುತ್ತವೆ. ರೋಗಿಗೆ ತಲುಪುವ ಶಕ್ತಿ ಮಾತ್ರ ಅರ್ಧವೂ ಇರದು. ಕೂಲಿ ಬಿಟ್ಟು ಬಂದ ಕಾರ್ಮಿಕ ಐದು ಬಾರಿಯ ಶುಲ್ಕ ತೆತ್ತು ನೋವನ್ನು ಹೊತ್ತುಕೊಂಡೇ ಹಿಂದಿರುಗುತ್ತಾನೆ. ವೈದ್ಯರು ಚಿಕಿತ್ಸೆಯನ್ನು ದೂರುತ್ತಾರೆ, ಯಂತ್ರವನ್ನಲ್ಲ. ಇಂತಹ ಕೆಲವು ಪ್ರಸಂಗಗಳು ಸಾಕು, ಒಂದು ಜಿಲ್ಲೆಯ ಮಾರುಕಟ್ಟೆಯೇ ಕೈತಪ್ಪುತ್ತದೆ.

ಪ್ರಯೋಗಶಾಲೆಯಲ್ಲಿ ಈ ಶಕ್ತಿಯನ್ನು ಹೈಡ್ರೋಫೋನ್ ಎಂಬ ಸೂಕ್ಷ್ಮ ಉಪಕರಣದಿಂದ ಅಳೆಯುತ್ತಾರೆ. ಕೇಂದ್ರೀಕೃತ ಯಂತ್ರಗಳಿಗೆ ಐಇಸಿ 61846, ರೇಡಿಯಲ್ ಬಗೆಯವಕ್ಕೆ 2020ರಲ್ಲಿ ಬಂದ ಐಇಸಿ 63045 ಮಾನಕಗಳಿವೆ. ಆದರೆ ಶಿಬಿರದ ಡೇರೆಯಲ್ಲಿ ಹೈಡ್ರೋಫೋನ್ ಇಟ್ಟುಕೊಳ್ಳುವುದು ಸಾಧ್ಯವಿಲ್ಲ. ಬೆಳಿಗ್ಗೆ ಮೊದಲ ರೋಗಿಗೆ ಮುನ್ನ ಹ್ಯಾಂಡ್‌ಪೀಸ್ ಅನ್ನು ಒತ್ತಿ ಹಿಡಿದು ಹತ್ತಿಪ್ಪತ್ತು ಹೊಡೆತಗಳ ಬಲವನ್ನು ನೋಡಿ, ಕಾರ್ಖಾನೆಯಲ್ಲಿ ದಾಖಲಾದ ಬಲದೊಡನೆ ಹೋಲಿಸಿ ಹಸಿರು ಅಥವಾ ಕೆಂಪು ದೀಪ ತೋರಿಸುವ ಸರಳ ಪರೀಕ್ಷಾ ಪೀಠವೊಂದಿದ್ದರೆ ಸಾಕು. ಬಲ ಅಳೆಯುವ ಸೆನ್ಸರ್, ಗಟ್ಟಿಯಾದ ತಳಹದಿ, ಸಣ್ಣದೊಂದು ಸರ್ಕ್ಯೂಟ್ ಇಷ್ಟೇ ಅದರ ಮೈಕಟ್ಟು. ನಿಖರ ಯಂತ್ರಕೆಲಸ ಬಲ್ಲ ಸಣ್ಣ ಕಾರ್ಖಾನೆಗೆ ಇದು ಮೀರಿದ್ದಲ್ಲ.

ಪರೀಕ್ಷೆ ಮತ್ತು ಪರವಾನಗಿ

ಆಂಬುಲೆನ್ಸ್ ಮುಂತಾದ ತುರ್ತು ಸೇವೆಯ ಪರಿಸರಕ್ಕೆ 2014ರಲ್ಲಿ ಐಇಸಿ 60601-1-12 ಮಾನಕ ಬಂತು. ಸೇನೆಗೆ ಸರಬರಾಜು ಮಾಡುವವರು ಜೆಎಸ್ಎಸ್ 55555 ಎಂಬ ಭಾರತೀಯ ರಕ್ಷಣಾ ಮಾನಕವನ್ನು, ರಫ್ತು ಮಾಡುವವರು ಅಮೆರಿಕದ ಮಿಲ್ ಸ್ಟ್ಯಾಂಡರ್ಡ್ 810 ಅನ್ನು ಅರಿತಿರಬೇಕು. ಕಂಪನ, ಬೀಳಿಕೆ, ಧೂಳು, ಉಪ್ಪಿನ ಮಂಜು, ಬಿಸಿ ಮತ್ತು ಚಳಿಯ ಪರೀಕ್ಷೆಗಳು ಇವುಗಳಲ್ಲಿ ಸೇರಿವೆ. ಅಧಿಕ ವೋಲ್ಟೇಜಿನ ಪರೀಕ್ಷೆಗೆ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಇರುವುದು ನಮ್ಮ ರಾಜ್ಯದ ಉದ್ಯಮಿಗಳಿಗೆ ಅನುಕೂಲ.

ಪರವಾನಗಿಯ ವಿಷಯದಲ್ಲಿ ಕಾಲ ಬದಲಾಗಿದೆ. ವೈದ್ಯಕೀಯ ಸಾಧನಗಳ ನಿಯಮಗಳು 2017ರಲ್ಲಿ ಹೊರಬಂದು 2018ರ ಜನವರಿ 1ರಿಂದ ಜಾರಿಯಾದವು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ವ್ಯಾಪ್ತಿಗೆ ಬಂದವು. ಎ ಮತ್ತು ಬಿ ವರ್ಗಗಳಿಗೆ 2022ರ ಅಕ್ಟೋಬರ್ 1ರಿಂದ, ಸಿ ಮತ್ತು ಡಿ ವರ್ಗಗಳಿಗೆ 2023ರ ಅಕ್ಟೋಬರ್ 1ರಿಂದ ಪರವಾನಗಿ ವ್ಯವಸ್ಥೆ ಅನ್ವಯಿಸಿತು. ಇಲ್ಲಿ ವ್ಯಾಪಾರಿಗಳು ಗಮನಿಸಬೇಕಾದ ಅಂಶವೊಂದಿದೆ. ಆಮದು ಮಾಡಿದ ಯಂತ್ರದ ವಿದ್ಯುತ್ ಪೂರೈಕೆಯನ್ನೋ ಪೆಟ್ಟಿಗೆಯನ್ನೋ ತಾವೇ ಬದಲಿಸಿ ಮಾರುವುದು ಕೇವಲ ರಿಪೇರಿಯಲ್ಲ. ವಿನ್ಯಾಸದ ಪ್ರಮುಖ ಬದಲಾವಣೆಗೆ ಪೂರ್ವಾನುಮತಿ ಬೇಕೆಂದು ನಿಯಮಗಳ ಆರನೆಯ ಅನುಸೂಚಿ ಹೇಳುತ್ತದೆ. ಮೂಲ ತಯಾರಕರ ಒಪ್ಪಿಗೆಯಿಲ್ಲದೆ ಮಾಡಿದ ಬದಲಾವಣೆಯಿಂದ ರೋಗಿಗೆ ತೊಂದರೆಯಾದರೆ ಹೊಣೆ ಬದಲಿಸಿದವರ ಹೆಗಲೇರುತ್ತದೆ.

ಬಳಕೆಯ ಮಿತಿಗಳನ್ನೂ ಮಾರುವವರು ತಿಳಿದಿರಬೇಕು. ಚಿಕಿತ್ಸೆಯ ಜಾಗದಲ್ಲಿ ದುರ್ಮಾಂಸದ ಗಡ್ಡೆ ಅಥವಾ ಗರ್ಭಸ್ಥ ಶಿಶು ಇದ್ದಾಗ ಯಾವ ಬಗೆಯ ಯಂತ್ರವನ್ನೂ ಬಳಸುವಂತಿಲ್ಲ. ಹೆಚ್ಚಿನ ಶಕ್ತಿಯ ಯಂತ್ರಗಳನ್ನು ಶ್ವಾಸಕೋಶ, ಮಿದುಳು, ಬೆನ್ನುಹುರಿಗಳ ಮೇಲೆ ಪ್ರಯೋಗಿಸಬಾರದು. ತರಬೇತಿ ಪಡೆದ ಚಿಕಿತ್ಸಕರಿಲ್ಲದ ಕಡೆ ಯಂತ್ರ ಮಾರುವುದು ಒಂದು ದಿನದ ಲಾಭ, ಬಹುದಿನದ ನಷ್ಟ.

ಬೆಂಗಳೂರಿನ ಪಾಠ

ಆಘಾತ ತರಂಗದ ಅಧ್ಯಯನ ಕರ್ನಾಟಕಕ್ಕೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಾಂತರಿಕ್ಷ ವಿಭಾಗದ ಪ್ರಾಧ್ಯಾಪಕರಾದ ಕೆ.ಪಿ.ಜೆ. ರೆಡ್ಡಿಯವರು ಕೈಯಿಂದಲೇ ಪಿಸ್ಟನ್ ಒತ್ತಿ ಆಘಾತ ತರಂಗ ಹುಟ್ಟಿಸುವ ನಳಿಕೆಯೊಂದನ್ನು ರೂಪಿಸಿ 2013ರಲ್ಲಿ ಪ್ರಕಟಿಸಿದರು. ‘ರೆಡ್ಡಿ ಟ್ಯೂಬ್’ ಎಂದು ಹೆಸರಾದ ಇದಕ್ಕೆ ವಿದ್ಯುತ್ತಾಗಲಿ ಕಂಪ್ರೆಸರ್ ಆಗಲಿ ಬೇಕಿಲ್ಲ. ಅದೇ ಸಂಸ್ಥೆಯ ಜಿ. ಜಗದೀಶ್ ಮತ್ತು ಸಂಗಡಿಗರು ಸೂಜಿಯಿಲ್ಲದೆ ಸೂಕ್ಷ್ಮ ಆಘಾತ ತರಂಗದಿಂದ ಲಸಿಕೆ ಕೊಡುವ ವಿಧಾನವನ್ನು ಇಲಿಗಳ ಮೇಲೆ ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದರು. ಇವು ನೋವು ಚಿಕಿತ್ಸೆಯ ಯಂತ್ರಗಳಲ್ಲ. ಆದರೆ ಕಠಿಣ ಪರಿಸರಕ್ಕೆ ಯಂತ್ರ ರೂಪಿಸುವವರಿಗೆ ಇಲ್ಲೊಂದು ಪಾಠವಿದೆ. ರಕ್ಷಾಕವಚ ಹೆಚ್ಚಿಸುವುದಕ್ಕಿಂತ ಕೆಡಬಹುದಾದ ಭಾಗವನ್ನೇ ಕೈಬಿಡುವುದು ಹೆಚ್ಚು ಬಾಳಿಕೆಯ ದಾರಿ.

ಎಲ್ಲಿಂದ ಆರಂಭಿಸಬೇಕು?

ಸಣ್ಣ ಉದ್ಯಮಿ ಮೊದಲ ದಿನವೇ ಪೂರ್ಣ ಯಂತ್ರ ತಯಾರಿಕೆಗೆ ಇಳಿಯಬೇಕಾಗಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿದರೂ ಇಲ್ಲಿ ಸಾಕಷ್ಟು ಕೆಲಸವಿದೆ. ರೇಡಿಯಲ್ ಯಂತ್ರದ ಗುಂಡು, ನಳಿಕೆ, ಸೀಲುಗಳು ಸವೆಯುವ ಭಾಗಗಳು. ಒಬ್ಬ ರೋಗಿಗೆ ಒಂದು ಬಾರಿಗೆ 2,000 ಹೊಡೆತ, ದಿನಕ್ಕೆ 10 ರೋಗಿಗಳೆಂದರೆ 20,000 ಹೊಡೆತ. 50 ಕೆಲಸದ ದಿನಗಳಲ್ಲಿ 10 ಲಕ್ಷ ತಲುಪುತ್ತದೆ. ಧೂಳಿನ ಪ್ರದೇಶದಲ್ಲಿ ಭಾಗಗಳು ಅದಕ್ಕೂ ಮುನ್ನವೇ ಸವೆಯಬಹುದು. ಬೆಳಗಾವಿ, ಹುಬ್ಬಳ್ಳಿ, ಪೀಣ್ಯಗಳಲ್ಲಿ ಹೈಡ್ರಾಲಿಕ್ ಮತ್ತು ನಿಖರ ಬಿಡಿಭಾಗಗಳನ್ನು ಮಾಡುವವರಿಗೆ ನಳಿಕೆಯ ಹೋನಿಂಗ್ ಹೊಸ ವಿದ್ಯೆಯಲ್ಲ. ಚರ್ಮಕ್ಕೆ ತಾಗುವ ಭಾಗಕ್ಕೆ ಮಾತ್ರ ಐಎಸ್ಒ 10993 ಪ್ರಕಾರ ಜೈವಿಕ ಹೊಂದಾಣಿಕೆಯ ಪರೀಕ್ಷೆ ಬೇಕು, ತಯಾರಿಕೆಗೆ ಐಎಸ್ಒ 13485ರ ಶಿಸ್ತು ಬೇಕು.

ಕಂಪನ ತಡೆಯುವ ಸಾಗಣೆ ಪೆಟ್ಟಿಗೆ, ಎರಡು ಕೋಣೆಗಳ ಕವಚ, ಫಿಲ್ಟರ್ ಜೋಡಣೆ, ಬ್ಯಾಟರಿ ಘಟಕ, ಮೇಲೆ ಹೇಳಿದ ಪರೀಕ್ಷಾ ಪೀಠ ಇವು ಎರಡನೆಯ ಹಂತ. ಇವನ್ನು ಪರವಾನಗಿ ಪಡೆದ ಮೂಲ ತಯಾರಕರೊಡನೆ ಒಪ್ಪಂದ ಮಾಡಿಕೊಂಡು ಒದಗಿಸುವುದು ಕ್ಷೇಮ. ವ್ಯಾಪಾರಿಗಳ ಪಾಲಿಗೆ ಸೇವೆಯೇ ದೊಡ್ಡ ಸರಕು. ತಾಲ್ಲೂಕು ಕೇಂದ್ರದಲ್ಲಿ ಬಿಡಿಭಾಗಗಳ ದಾಸ್ತಾನು, ಹ್ಯಾಂಡ್‌ಪೀಸ್ ಬದಲಿಗೆ ತಾತ್ಕಾಲಿಕ ಹ್ಯಾಂಡ್‌ಪೀಸ್, ವರ್ಷಕ್ಕೆರಡು ಬಾರಿ ಬಲದ ತಪಾಸಣೆ ಮತ್ತು ಲಿಖಿತ ದಾಖಲೆ ಇವನ್ನು ಕೊಡುವ ಮಾರಾಟಗಾರನನ್ನು ವೈದ್ಯರು ಬೆಲೆಯ ಸಣ್ಣ ವ್ಯತ್ಯಾಸಕ್ಕೆ ಬಿಡುವುದಿಲ್ಲ.

ಯಂತ್ರ ಕೊಳ್ಳುವವರೂ ಮಾರುವವರೂ ವ್ಯವಹಾರಕ್ಕೆ ಮುನ್ನ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಒಳಿತು. ಯಂತ್ರವನ್ನು ಎಷ್ಟು ಎತ್ತರದವರೆಗೆ, ಯಾವ ಉಷ್ಣಾಂಶದವರೆಗೆ ಬಳಸಬಹುದು? ಆ ಮಿತಿಯಲ್ಲಿ ಗರಿಷ್ಠ ವೇಗದಲ್ಲಿ ನಡೆಸಿದಾಗ ಹೊಡೆತದ ಬಲ ಎಷ್ಟು ಉಳಿಯುತ್ತದೆ? ಎಷ್ಟು ಹೊಡೆತಗಳ ಬಳಿಕ ಯಾವ ಭಾಗ ಬದಲಿಸಬೇಕು, ಅದರ ಬೆಲೆ ಎಷ್ಟು? ಬಲ ಕುಗ್ಗಿದ್ದನ್ನು ಬಳಸುವವರು ಸ್ಥಳದಲ್ಲೇ ಕಂಡುಕೊಳ್ಳುವುದು ಹೇಗೆ? ಮೊದಲ ಮೂರಕ್ಕೆ ಉತ್ತರ ಕೊಡಬಲ್ಲ ತಯಾರಕರು ಸಿಗುತ್ತಾರೆ. ನಾಲ್ಕನೆಯದಕ್ಕೆ ನಂಬಬಹುದಾದ, ಅಗ್ಗದ, ಕೈಯಲ್ಲಿ ಹಿಡಿದು ತೋರಿಸಬಲ್ಲ ಉತ್ತರವನ್ನು ಮಾಡಿಕೊಡುವ ಕಾರ್ಖಾನೆಗೆ ಈ ಕ್ಷೇತ್ರದಲ್ಲಿ ಕೆಲಸಕ್ಕೆ ಬರವಿರದು.